ಏಣಿ ಹಿಡಿದು ನಿಂತವರು

ಹೋದ ಮಳೆಗಾಲದ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಾವಣಗೆರೆಯ ನಮ್ಮ ಮನೆಗೆ ಬಂದಳು. ಹೈಸ್ಕೂಲಿನಲ್ಲಿ ನನ್ನ ಬಳಿ ಇತಿಹಾಸ ಓದಿದವಳು, ಈಗ ಮನಃಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಕೈಯಲ್ಲಿ ಒಂದು ಪ್ರಶ್ನಾವಳಿ ಇತ್ತು. ‘ಕಷ್ಟದ ಬಾಲ್ಯ ಕಂಡವರು ವಯಸ್ಸಾದ ಮೇಲೆ ಎಷ್ಟು ಸುಖವಾಗಿದ್ದಾರೆ ಅಂತ ನೋಡ್ತಿದೀನಿ ಸರ್. ನಿಮ್ಮ ಮನೇಲಿ ಇಬ್ಬರು ಸಿಕ್ತಾರೆ ಅಂತ ಬಂದೆ’ ಎಂದಳು. ಇಬ್ಬರು ಎಂದರೆ ನಾನು ಮತ್ತು ನನ್ನ ಅವ್ವ. ನನಗೆ ಅರವತ್ತೆರಡು, ಅವ್ವನಿಗೆ ಎಂಬತ್ತಮೂರು.

ಪ್ರಶ್ನೆಗಳು ಬಹಳ ಇದ್ದವು. ಕೊನೆಯದೊಂದು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಹಾಳೆಯ ಮೇಲೆ ಒಂದು ಏಣಿಯ ಚಿತ್ರ. ಕೆಳಗೆ ಸೊನ್ನೆ, ಮೇಲೆ ಹತ್ತು. ಮೇಲಿನ ತುದಿ ಎಂದರೆ ನಿಮಗೆ ಸಾಧ್ಯವಿರುವ ಅತ್ಯಂತ ಒಳ್ಳೆಯ ಬದುಕು, ಕೆಳಗಿನದು ಅತ್ಯಂತ ಕೆಟ್ಟ ಬದುಕು. ಈಗ ನೀವು ಎಷ್ಟನೆಯ ಮೆಟ್ಟಿಲ ಮೇಲೆ ನಿಂತಿದ್ದೀರಿ?

ನಾನು ಸ್ವಲ್ಪ ಹೊತ್ತು ಯೋಚಿಸಿ ಆರು ಎಂದು ಬರೆದೆ. ಅವ್ವನಿಗೆ ಓದಲು ಬರುವುದಿಲ್ಲ. ಹುಡುಗಿ ಏಣಿ ತೋರಿಸಿ ಬಿಡಿಸಿ ಹೇಳಿದಳು. ಅವ್ವ ಒಂದು ಕ್ಷಣವೂ ತಡೆಯಲಿಲ್ಲ. ‘ಹತ್ತು ಹಾಕ್ಕಳವ್ವ’ ಎಂದಳು.

ಪಿಂಚಣಿ, ಸ್ವಂತ ಮನೆ, ಕೆಲಸಕ್ಕೆ ಸೇರಿದ ಮಗ, ಓದುತ್ತಿರುವ ಮಗಳು ಇರುವ ನಾನು ಆರರಲ್ಲಿದ್ದೇನೆ. ಎಂಟನೆಯ ವಯಸ್ಸಿಗೆ ಹತ್ತಿಯ ಜಿನ್ನಿಗೆ ಕೂಲಿಗೆ ಹೋದ, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡ ಅವ್ವ ಹತ್ತರಲ್ಲಿದ್ದಾಳೆ. ಹುಡುಗಿ ಎರಡನ್ನೂ ಬರೆದುಕೊಂಡು, ಚಹಾ ಕುಡಿದು ಹೋದಳು. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ. ಇತಿಹಾಸ ಪಾಠ ಮಾಡಿದವನ ಚಟ, ಯಾವ ಅಂಕಿಯನ್ನು ಕಂಡರೂ ಅದು ಎಲ್ಲಿಂದ ಬಂತು ಎಂದು ಕೇಳುವುದು. ಮರುದಿನದಿಂದ ಆ ಏಣಿಯ ಬೆನ್ನು ಹತ್ತಿದೆ.

ಏಣಿಗೂ ಒಂದು ಚರಿತ್ರೆ ಇದೆ. ಅದನ್ನು ರೂಪಿಸಿದವರು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ. ಬೇರೆ ಬೇರೆ ದೇಶಗಳ ಜನರನ್ನು ತಮ್ಮ ಬದುಕನ್ನು ತಾವೇ ಅಳೆದುಕೊಳ್ಳಿ ಎಂದು ಕೇಳಿ, 1965ರಲ್ಲಿ ಅವರು ಒಂದು ಪುಸ್ತಕ ಪ್ರಕಟಿಸಿದರು. ಅವರು ಕೇಳಿದ ದೇಶಗಳಲ್ಲಿ ಭಾರತವೂ ಇತ್ತು. ಈ ಏಣಿಯ ಗುಣ ಏನೆಂದರೆ, ಮೇಲಿನ ತುದಿಯಲ್ಲಿ ಏನಿದೆ ಎಂದು ಕೇಳುವವನು ಹೇಳುವುದಿಲ್ಲ, ಉತ್ತರಿಸುವವನೇ ಕಲ್ಪಿಸಿಕೊಳ್ಳಬೇಕು. 2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿಯೂ ದೇಶಗಳಿಗೆ ಸ್ಥಾನ ಕೊಡುವುದು ಇದೇ ಏಣಿಯಿಂದ. 2024ರ ವರದಿಯಲ್ಲಿ 143 ದೇಶಗಳ ಪೈಕಿ ಭಾರತ 126ನೆಯದು, ಫಿನ್‌ಲ್ಯಾಂಡ್ ಮೊದಲನೆಯದು. ಪ್ರತಿವರ್ಷ ಮಾರ್ಚ್‌ನಲ್ಲಿ ಪತ್ರಿಕೆಗಳು ಇದನ್ನು ಅಚ್ಚು ಹಾಕುತ್ತವೆ, ನಾವು ಓದಿ ಬೇಸರಪಟ್ಟುಕೊಂಡು ಮರೆಯುತ್ತೇವೆ. ಆ ಅಂಕಿಗಳ ಹಿಂದೆ ‘ಹತ್ತು ಹಾಕ್ಕಳವ್ವ’ ಎನ್ನುವ ಅವ್ವಂದಿರೂ ಇರುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅವ್ವ ಹುಟ್ಟಿದ್ದು 1942ರ ಸುಮಾರಿಗೆ. ಆಗಿನ ದಾವಣಗೆರೆ ಹತ್ತಿಯ ಊರು. 1876-78ರ ದೊಡ್ಡ ಬರದ ನಂತರ, 1880ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಹಳಿ ಬಿತ್ತು. ಹರಿಹರ ಮೈಸೂರು ಸಂಸ್ಥಾನದ ಗಡಿ; ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಎರಡೂ ಕಡೆಯ ಕಪ್ಪುನೆಲದ ಹತ್ತಿಗೆ ದಾವಣಗೆರೆ ಪೇಟೆಯಾಯಿತು. ಜಿನ್ನುಗಳು ಬಂದವು, 1930ರ ದಶಕದಿಂದ ನೂಲಿನ ಗಿರಣಿಗಳೂ ಬಂದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಾಯಿತು. ಅತ್ತ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತ್ ಯಂತ್ರಗಳನ್ನು ಮಾಡತೊಡಗಿತು. ನಾನು ಶಾಲೆಯಲ್ಲಿ ಇವನ್ನೆಲ್ಲ ಬೆಳವಣಿಗೆ ಎಂಬ ತಲೆಬರಹದ ಕೆಳಗೆ ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ಅವ್ವ ಆ ಬೆಳವಣಿಗೆಯ ಒಳಗೆ ಎಂಟು ವರ್ಷದ ಹುಡುಗಿಯಾಗಿ ಕೂತಿದ್ದಳು. ಹತ್ತಿಯ ರಾಶಿಯ ಮುಂದೆ ಸಾಲಾಗಿ ಹೆಂಗಸರು, ಮಕ್ಕಳು. ಒಣ ಎಲೆಯ ಚೂರು, ಕಡ್ಡಿ, ಬಿರಿಯದ ಕಾಯಿ ಆರಿಸಿ ತೆಗೆಯಬೇಕು. ಸಂಜೆ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ಎಲ್ಲ ಮಕ್ಕಳೂ ಮುದುಕಿಯರಂತೆ ಕಾಣುತ್ತಿದ್ದರಂತೆ. ಅದನ್ನು ಹೇಳುವಾಗ ಅವ್ವ ನಗುತ್ತಾಳೆ. ಹದಿನಾಲ್ಕು ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಕೂಡದು ಎಂಬ ಕಾಯ್ದೆ 1948ರಲ್ಲೇ ಆಗಿತ್ತು. ಅವ್ವ ಜಿನ್ನಿಗೆ ಹೋದದ್ದು ಅದಾದ ಎರಡು ವರ್ಷಕ್ಕೆ. ಕಾಯ್ದೆ ದೆಹಲಿಯಿಂದ ಹೊರಟಿತ್ತು, ಅವ್ವನ ತನಕ ಬಂದು ಮುಟ್ಟಿರಲಿಲ್ಲ.

ಅಪ್ಪ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ದಮ್ಮು. ವಾರವಿಡೀ ಇದ್ದರೂ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಹೆಚ್ಚು. ಹತ್ತಿಯ ದೂಳಿನಿಂದ ಬರುವ ಈ ಎದೆರೋಗಕ್ಕೆ ಬಿಸಿನೋಸಿಸ್ ಎಂದು ಹೆಸರಿದೆ, ರಜೆಯ ನಂತರದ ಮೊದಲ ದಿನ ಎದೆ ಬಿಗಿಯುವುದೇ ಅದರ ಗುರುತು ಎಂದು ನನಗೆ ಗೊತ್ತಾದದ್ದು ಅಪ್ಪ ಸತ್ತು ಎಷ್ಟೋ ವರ್ಷಗಳ ನಂತರ, ಒಂದು ಪುಸ್ತಕ ತಿರುವಿ ಹಾಕುವಾಗ. 1970ರಲ್ಲಿ ಅಪ್ಪ ತೀರಿಕೊಂಡ. ನನಗೆ ಏಳು ವರ್ಷ, ಅಕ್ಕನಿಗೆ ಹತ್ತು.

ಇಂಥ ಅವ್ವ ಹತ್ತು ಎಂದರೆ ನಂಬುವುದು ಹೇಗೆ? ನನ್ನ ಅನುಮಾನಕ್ಕೆ ಆಸರೆಯಾಗಿ ಒಂದು ಹಳೆಯ ಸಮೀಕ್ಷೆ ಸಿಕ್ಕಿತು. 1943ರ ಬಂಗಾಳದ ಬರದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ಅಖಿಲ ಭಾರತ ಆರೋಗ್ಯ ಮತ್ತು ಸಾರ್ವಜನಿಕ ಸ್ವಾಸ್ಥ್ಯ ಸಂಸ್ಥೆಯವರು ಜನರ ಆರೋಗ್ಯ ಕೇಳಿದರು. ಹೆಂಡತಿ ಸತ್ತ ಗಂಡಸರಲ್ಲಿ ನೂರಕ್ಕೆ 48.5 ಮಂದಿ ತಮಗೆ ಕಾಯಿಲೆ ಇದೆ ಅಥವಾ ಮೈ ಅಷ್ಟಕ್ಕಷ್ಟೇ ಎಂದರು. ಗಂಡ ಸತ್ತ ಹೆಂಗಸರಲ್ಲಿ ಹಾಗೆಂದವರು ನೂರಕ್ಕೆ 2.5 ಮಾತ್ರ. ಆ ಕಾಲದ ಬಂಗಾಳದಲ್ಲಿ ವಿಧವೆಯರ ಊಟ, ಉಪಚಾರ ಹೇಗಿತ್ತೆಂದು ಯಾರೂ ಹೇಳಬೇಕಾಗಿಲ್ಲ. ಆದರೂ ಅವರು ದೂರಲಿಲ್ಲ. ಅಮರ್ತ್ಯ ಸೇನ್ ತಮ್ಮ ಬರಹಗಳಲ್ಲಿ ಈ ಅಂಕಿಗಳನ್ನು ಮುಂದಿಟ್ಟು ಒಂದು ಮಾತು ಹೇಳಿದರು. ಬಹುಕಾಲ ಕೊರತೆಯಲ್ಲಿ ಬದುಕಿದವರು ಬದುಕಿ ಉಳಿಯಲಿಕ್ಕಾಗಿಯೇ ತಮ್ಮ ಆಸೆಯನ್ನು ಕಿರಿದು ಮಾಡಿಕೊಳ್ಳುತ್ತಾರೆ. ಆ ಸಮಾಧಾನವನ್ನೇ ಸುಖ ಎಂದು ಲೆಕ್ಕ ಹಿಡಿದರೆ, ಅವರಿಗೆ ಆದ ಅನ್ಯಾಯ ಲೆಕ್ಕದಿಂದಲೇ ಮಾಯವಾಗುತ್ತದೆ.

ನಾನು ಖುಷಿಯಿಂದ ಇದನ್ನು ಅವ್ವನಿಗೆ ವಿವರಿಸಿದೆ. ಅವಳು ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ‘ಹಂಗಾರೆ ನಾನು ಸುಖವಾಗಿದೀನಿ ಅಂದ್ರೆ ಸುಳ್ಳಾತು, ನೀನು ಇಲ್ಲ ಅಂದ್ರೆ ದಿಟ ಆತು. ಓದಿದ್ದಕ್ಕೆ ಇಷ್ಟಾರ ಆತಲ್ಲಪ್ಪ’ ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಮನುಷ್ಯರ ಮಾತನ್ನು ನಂಬದೆ ಅವರ ಸುಖವನ್ನು ನಾವೇ ನಿರ್ಧರಿಸುವುದೂ ಒಂದು ದರ್ಪ. ಅವರ ಮಾತನ್ನು ಮಾತ್ರ ನಂಬಿ ಸುಮ್ಮನಾಗುವುದು ಸೋಮಾರಿತನ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು?

ಆ ದಿನಗಳಲ್ಲಿ ನನ್ನ ಮನಸ್ಸು ಹರಿಹರದ ಕಡೆ ಹೋಯಿತು. ಹೆದ್ದಾರಿಯಲ್ಲಿ ಹನಗವಾಡಿಯ ಬಳಿ ಮೈತ್ರಿವನ ಇದೆ, ಅಲ್ಲಿ ಪ್ರೊ. ಬಿ. ಕೃಷ್ಣಪ್ಪ ಅವರ ಹೆಸರಿನ ಭವನ. ಬಸ್ಸಿನಲ್ಲಿ ಎಷ್ಟೋ ಸಲ ಅದನ್ನು ದಾಟಿ ಹೋಗಿದ್ದೇನೆ. ಕಷ್ಟದ ಬಾಲ್ಯದಿಂದ ಮೇಲೆ ಬಂದವರ ಮಾತು ಬಂದಾಗ ನಮ್ಮ ಸೀಮೆಯಲ್ಲಿ ಮೊದಲು ನೆನೆಯಬೇಕಾದ ಹೆಸರು ಅದು.

ಕೃಷ್ಣಪ್ಪ ಹುಟ್ಟಿದ್ದು 1938ರ ಜೂನ್ 9ರಂದು, ಹರಿಹರದ ಬಡ ದಲಿತ ಕುಟುಂಬದಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1934ರ ಆರಂಭದಲ್ಲಿ, ಅಸ್ಪೃಶ್ಯತೆಯ ವಿರುದ್ಧದ ಯಾತ್ರೆಯಲ್ಲಿ ಗಾಂಧೀಜಿ ದಾವಣಗೆರೆ, ಹರಿಹರದ ಮೇಲೆ ಹಾದುಹೋಗಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1915ರಲ್ಲಿ ದಲಿತ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಂಡದ್ದಕ್ಕೆ ಶೃಂಗೇರಿಯಲ್ಲಿ ದೊಡ್ಡ ಗಲಾಟೆಯಾಗಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರ ಉದ್ಯೋಗ, ಶಿಕ್ಷಣ ಕುರಿತು ಮಿಲ್ಲರ್ ಸಮಿತಿ ನೇಮಿಸಿದ್ದರು. ಆ ತಲೆಮಾರಿನ ದಲಿತ ಹುಡುಗನೊಬ್ಬ ಶಾಲೆಯ ಬೆಂಚಿನವರೆಗೆ ಬರಬೇಕಾದರೆ ಇಷ್ಟೆಲ್ಲ ಆಗಬೇಕಿತ್ತು. ಇಷ್ಟಾದ ಮೇಲೂ ಅವನು ಒಬ್ಬನೇ ಬರಬೇಕಿತ್ತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲೂ ಬಡತನ ಇತ್ತು. ಆದರೆ ನನಗೆ ಹೋಟೆಲಿನಲ್ಲಿ ಬೇರೆ ಲೋಟ ಇರಲಿಲ್ಲ, ಬಾವಿಯ ಬಳಿ ಯಾರೂ ನನ್ನನ್ನು ತಡೆಯಲಿಲ್ಲ. ಹಸಿವು ನೀಗಿದ ದಿನ ನನ್ನ ಕಷ್ಟದ ದೊಡ್ಡ ಪಾಲು ಮುಗಿಯಿತು. ಅಸ್ಪೃಶ್ಯತೆಯ ಗಾಯ ಊಟ ಸಿಕ್ಕ ಮಾತ್ರಕ್ಕೆ ಮಾಯುವಂಥದ್ದಲ್ಲ. ‘ಕಷ್ಟದ ಬಾಲ್ಯ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಸೇರಿಸುವ ಪ್ರಶ್ನಾವಳಿ ಅಷ್ಟರಮಟ್ಟಿಗೆ ಕುರುಡು.

ಕೃಷ್ಣಪ್ಪ ಓದಿದರು. ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಸಂಬಳ, ಮರ್ಯಾದೆ, ಪುಸ್ತಕ, ಶಿಷ್ಯರು ಎಲ್ಲ ಬಂದವು. ಯಾವ ಏಣಿ ತಂದು ನಿಲ್ಲಿಸಿದರೂ ಹರಿಹರದ ಆ ಹುಡುಗ ಅದರ ಮೇಲಿನ ಮೆಟ್ಟಿಲುಗಳಲ್ಲಿ ಇದ್ದಂತೆಯೇ. ಅಲ್ಲಿ ಕೂತು ಹತ್ತು ಎಂದು ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಅವರು ಕೂರಲಿಲ್ಲ. 1973ರ ಕೊನೆಯಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಅದರಿಂದ ರಾಜ್ಯದಾದ್ಯಂತ ಗಲಭೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಅವರೇ. ಆ ಹೊತ್ತಿನ ನೋವಿನಿಂದ, ಸಿಟ್ಟಿನಿಂದ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಭದ್ರಾವತಿಯಲ್ಲಿ ಕಟ್ಟಿ ಮುನ್ನಡೆಸಿದವರು ಕೃಷ್ಣಪ್ಪ. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರು ಜೊತೆಗಿದ್ದರು. ಕಾಲೇಜಿನ ಪಾಠ ಮುಗಿಸಿ ಹಳ್ಳಿಗಳಿಗೆ ಹೋಗುವುದು, ಭೂಮಿಗಾಗಿ, ಸ್ವಾಭಿಮಾನಕ್ಕಾಗಿ ಜನರನ್ನು ಕೂಡಿಸುವುದು ಅವರ ಎರಡನೆಯ ಕೆಲಸವಾಯಿತು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು. ನಂತರ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಆ ವಿರೋಧದಲ್ಲಿ ದಸಂಸ ಮುಂದೆ ಇತ್ತು. 1997ರ ಏಪ್ರಿಲ್ 30ರಂದು ಕೃಷ್ಣಪ್ಪ ತೀರಿಕೊಂಡರು, ಐವತ್ತೊಂಬತ್ತೂ ತುಂಬಿರಲಿಲ್ಲ. ಅದೇ ಆಗಸ್ಟ್ 15ಕ್ಕೆ ಹರಿಹರವನ್ನು ಚಿತ್ರದುರ್ಗದಿಂದ ಬೇರ್ಪಡಿಸಿ ದಾವಣಗೆರೆ ಜಿಲ್ಲೆ ಮಾಡಿದರು. ತಮ್ಮ ಊರು ಹೊಸ ಜಿಲ್ಲೆಗೆ ಸೇರಿದ್ದನ್ನು ಅವರು ನೋಡಲಿಲ್ಲ.

ಅವರು ಸುಖವಾಗಿದ್ದರೇ? ಆ ಪ್ರಶ್ನೆಯನ್ನು ಅವರ ಪರವಾಗಿ ಉತ್ತರಿಸುವ ಹಕ್ಕು ನನಗಿಲ್ಲ. ಆದರೆ ಅವರ ಬದುಕಿನ ರೀತಿ ನೋಡಿದರೆ ಒಂದು ವಿಷಯ ಕಾಣುತ್ತದೆ. ತಾನು ಎಷ್ಟು ಮೆಟ್ಟಿಲು ಹತ್ತಿದೆ ಎಂಬುದನ್ನು ಅವರು ಅಳತೆ ಮಾಡಿಕೊಳ್ಳಲಿಲ್ಲ. ತನ್ನ ಕೇರಿಯವರು ಇನ್ನೂ ಎಷ್ಟು ಕೆಳಗಿದ್ದಾರೆ ಎಂದು ನೋಡಿದರು. ಅಂಥವರ ಅಸಮಾಧಾನ ಸೋಲಿನ ಗುರುತಲ್ಲ. ಸಿಂಗೂರಿನ ವಿಧವೆಯರು ಹೇಳದೆ ನುಂಗಿದ್ದನ್ನು ಬಾಯಿಬಿಟ್ಟು ಹೇಳುವ ಶಕ್ತಿ ಅದು.

ಅಂದರೆ ನನ್ನ ಆರು ಕೂಡ ಅಂಥದ್ದೇ ಅಸಮಾಧಾನವೇ? ಹಾಗೆಂದುಕೊಂಡು ಒಂದೆರಡು ದಿನ ಸಮಾಧಾನಪಟ್ಟೆ. ನಿಜ ಹೇಳಬೇಕೆಂದರೆ ಅಲ್ಲ. ನಾನು ಯಾವ ಕೇರಿಗೂ ಹೋಗಿ ಜನರನ್ನು ಕೂಡಿಸಿದವನಲ್ಲ. ನನ್ನ ಆರರ ಹಿಂದೆ ಬೇರೆ ಏನೋ ಇತ್ತು. ಅದು ಏನೆಂದು ತಿಳಿದದ್ದು ಇನ್ನೊಂದು ಅಧ್ಯಯನ ಓದಿದಾಗ.

ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದೊಂದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಅವರ ಜೊತೆಗಾರರು ನಲವತ್ತು ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಅವರಲ್ಲಿ ಸುಮಾರು 200 ಮಕ್ಕಳ ಮನೆಗಳಲ್ಲಿ ಬಡತನ, ಕುಡಿತ, ಜಗಳ, ಕಾಯಿಲೆ ಇಂಥವು ಹಲವು ಒಟ್ಟಿಗೇ ಇದ್ದವು. ಇವರೆಲ್ಲ ಹಾಳಾಗುತ್ತಾರೆ ಎಂದೇ ನಿರೀಕ್ಷೆ. ಆದರೆ ಅವರಲ್ಲಿ 72 ಮಂದಿ, ಅಂದರೆ ಮೂರರಲ್ಲೊಂದು ಪಾಲು, ನೆಟ್ಟಗೆ ಬೆಳೆದು ಕೆಲಸ, ಸಂಸಾರ, ಪ್ರೀತಿ ಎಲ್ಲವನ್ನೂ ನಿಭಾಯಿಸಿದರು. ಕಾರಣ ಹುಡುಕಿದಾಗ ಮತ್ತೆ ಮತ್ತೆ ಕಂಡದ್ದು ಒಂದು ಸಂಗತಿ. ಆ ಮಕ್ಕಳಿಗೆ ಕನಿಷ್ಠ ಒಬ್ಬರಾದರೂ ಆಸರೆಯ ಮನುಷ್ಯರಿದ್ದರು. ತಾಯಿ ತಂದೆಯೇ ಆಗಬೇಕೆಂದಿಲ್ಲ. ಅಜ್ಜಿ, ನೆರೆಯವರು, ಮೇಷ್ಟ್ರು, ಒಡಹುಟ್ಟಿದವರು ಯಾರಾದರೂ ಸರಿ.

ಅಮೆರಿಕದ ಹಾರ್ವರ್ಡ್‌ನಲ್ಲೂ ಇಂಥ ಉದ್ದನೆಯ ಅಧ್ಯಯನವೊಂದಿದೆ. ಅದು ಶುರುವಾದದ್ದು ಕೃಷ್ಣಪ್ಪ ಹುಟ್ಟಿದ 1938ರಲ್ಲೇ. ಕಾಲೇಜಿನ 268 ಹುಡುಗರು ಒಂದು ಕಡೆ, ಬಾಸ್ಟನ್ನಿನ ಬಡ ಬೀದಿಗಳ 456 ಹುಡುಗರು ಇನ್ನೊಂದು ಕಡೆ. ದಶಕಗಳ ನಂತರ ಅವರೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಇಳಿವಯಸ್ಸಿನ ಸುಖವನ್ನು ಹಣಕ್ಕಿಂತ ಹೆಚ್ಚಾಗಿ ಹತ್ತಿರದವರ ಜೊತೆಗಿನ ಸಂಬಂಧ ಕಾಯುತ್ತದೆ. ಅದನ್ನು ಓದುವಾಗ ನನ್ನ ಕಣ್ಣು ಒಂದು ಕಡೆ ನಿಂತಿತು. ಆರಂಭದಲ್ಲಿ ತೆಗೆದುಕೊಂಡವರೆಲ್ಲ ಗಂಡಸರು. ಆ ಹುಡುಗರಿಗೆ ಆಸರೆಯಾದ ಅಕ್ಕಂದಿರನ್ನು ಯಾರೂ ಕೂರಿಸಿಕೊಂಡು ಕೇಳಲಿಲ್ಲ.

ನನ್ನ ಆಸರೆಯ ಮನುಷ್ಯಳು ನನ್ನ ಅಕ್ಕ.

ಅಪ್ಪ ಸತ್ತ ವರ್ಷ ಅಕ್ಕ ಐದನೆಯ ಕ್ಲಾಸಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮಂಡಕ್ಕಿ ಭಟ್ಟಿಗೆ ಹೋದಳು. ದಾವಣಗೆರೆಯ ಮಂಡಕ್ಕಿ ಮಿರ್ಚಿ ತಿಂದು ಹೊಗಳುವವರು ಬಹಳ. ಭಟ್ಟಿಯ ಒಳಗೆ ನಿಂತು ನೋಡಿದವರು ಕಡಿಮೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿಯುತ್ತಾರೆ. ಅಕ್ಕಿ ಅರಳಿದ ಕೂಡಲೇ ಜರಡಿ ಹಿಡಿದು ಮರಳು ಬೇರೆ, ಮಂಡಕ್ಕಿ ಬೇರೆ ಮಾಡಬೇಕು. ಕೆಲಸ ನಸುಕಿಗೆ ಮೊದಲೇ ಶುರು. ಬೆಂಕಿಗೆ ಹೊಟ್ಟೋ ಕಟ್ಟಿಗೆಯೋ ಇನ್ನೇನು ಅಗ್ಗವಾಗಿ ಸಿಗುತ್ತದೋ ಅದು. ಹೊಗೆ ಹೊರಹೋಗಲು ದಾರಿ ಕಡಿಮೆ. ಅಕ್ಕ ಹೊತ್ತೇರಿದ ಮೇಲೆ ಮನೆಗೆ ಬಂದಾಗ ಕಣ್ಣು ಕೆಂಪು, ಮಡಿಲಲ್ಲಿ ಮಾತ್ರ ನನಗೆಂದು ಒಂದು ಹಿಡಿ ಬಿಸಿ ಮಂಡಕ್ಕಿ. ನಾನು ಅದನ್ನು ತಿಂದು ಶಾಲೆಗೆ ಹೋಗುತ್ತಿದ್ದೆ.

ಹೈಸ್ಕೂಲಿಗೆ ಬಂದಾಗ ನನಗೆ ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. 1972ರಿಂದ 1980ರವರೆಗೆ ದೇವರಾಜ ಅರಸರ ಕಾಲ. ಹಾವನೂರು ಆಯೋಗದ ವರದಿ ಬಂದು, ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲುಗಳು ಹೆಚ್ಚಾದ ದಿನಗಳು ಅವು. ದಿನಕ್ಕೆ ಎರಡು ಊಟ, ಓದಲು ದೀಪ. ಕವಾಯಿಯ ಮಕ್ಕಳಿಗೆ ಒಬ್ಬ ಮನುಷ್ಯ ಮಾಡಿದ್ದನ್ನು ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಒಂದು ಹಾಸ್ಟೆಲ್, ಒಂದು ಮಠದ ಪ್ರಸಾದ ನಿಲಯ ಮಾಡಿವೆ. 2003ರ ಹೊತ್ತಿಗೆ ರಾಜ್ಯದ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟವೂ ಅದೇ ಕೆಲಸ ಮಾಡುತ್ತಿದೆ. ತನ್ನ ಸ್ವಂತ ಛಲದಿಂದಲೇ ಮೇಲೆ ಬಂದೆ ಎನ್ನುವವರ ಮಾತು ಕೇಳುವಾಗ ನನಗೆ ಈ ಊಟದ ತಟ್ಟೆಗಳು ನೆನಪಾಗುತ್ತವೆ. ನಾನೂ ಬೀಳ್ಕೊಡುಗೆ ಸಮಾರಂಭದ ಭಾಷಣದಲ್ಲಿ ಛಲದ ಮಾತನ್ನೇ ಆಡಿದ್ದೆ. ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಹೆಸರು ನನ್ನ ಬಾಯಲ್ಲಿ ಬರಲಿಲ್ಲ.

ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೂ ಜಾಗ ಇದ್ದಿದ್ದರೆ, ಅಥವಾ ಇದೆ ಎಂದು ನಮಗೆ ಯಾರಾದರೂ ಹೇಳಿದ್ದಿದ್ದರೆ, ಅಕ್ಕ ಹೋಗುತ್ತಿದ್ದಳೇ? ಗೊತ್ತಿಲ್ಲ. ಅವಳ ಕೂಲಿ ನಿಂತರೆ ಮನೆಯ ಒಲೆ ನಿಲ್ಲುತ್ತಿತ್ತು.

ಅಕ್ಕನನ್ನು ಕೊಟ್ಟದ್ದು ಹರಿಹರಕ್ಕೆ. ಭಾವ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಟರ್ನರ್. ಹರಿಹರದ ದೊಡ್ಡ ಕಾರ್ಖಾನೆಗಳ ಬಿಡಿಭಾಗದ ಕೆಲಸವೇ ಅಂಥ ವರ್ಕ್‌ಶಾಪುಗಳ ಅನ್ನ. ಅರ್ಧ ಶತಮಾನ ಊರನ್ನು ಸಾಕಿದ ಲೇತ್ ಕಾರ್ಖಾನೆ ಹೊಸ ಶತಮಾನದ ಹೊಸ್ತಿಲಲ್ಲಿ ಬಾಗಿಲು ಮುಚ್ಚಿದಾಗ ಅದನ್ನು ನಂಬಿದ ಸಣ್ಣವರೂ ಕೂತರು. ದಾವಣಗೆರೆಯ ಗಿರಣಿಗಳು ಅದಕ್ಕೂ ಮೊದಲೇ ಒಂದೊಂದಾಗಿ ನಿಂತಿದ್ದವು. ಅಕ್ಕ ಮತ್ತೆ ದುಡಿಯಲು ಹೊರಟಳು, ಈ ಸಲ ನಾಲ್ಕು ಮನೆಯ ಅಡುಗೆಗೆ.

ಪ್ರಶ್ನಾವಳಿ ಬಂದು ಮೂರು ವಾರಕ್ಕೆ ನಾನು ಹರಿಹರದ ಬಸ್ಸು ಹತ್ತಿದೆ. ಹದಿನಾಲ್ಕು ಕಿಲೋಮೀಟರು, ಅರ್ಧ ಗಂಟೆಯ ದಾರಿ. ಆದರೆ ಅಕ್ಕನ ಮನೆಗೆ ಹಬ್ಬವಿಲ್ಲದೆ, ಸಾವಿಲ್ಲದೆ ನಾನು ಸುಮ್ಮನೆ ಹೋಗಿ ಎಷ್ಟು ವರ್ಷವಾಗಿತ್ತೋ ನೆನಪಾಗಲಿಲ್ಲ. ಅವಳು ನನ್ನನ್ನು ಕಂಡವಳೇ ‘ಅವ್ವಗೇನಾತೋ?’ ಎಂದು ಗಾಬರಿಯಾದಳು. ಏನೂ ಇಲ್ಲ, ಸುಮ್ಮನೆ ಬಂದೆ ಎಂದರೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಇಬ್ಬರೂ ಹರಿಹರೇಶ್ವರನ ಗುಡಿಗೆ ನಡೆದು ಹೋದೆವು. 1224ರಲ್ಲಿ ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಎಂಟುನೂರು ವರ್ಷ ಜನ ಒರಗಿ ಕೂತು ನುಣುಪಾದ ಕಂಬಗಳು. ಅಲ್ಲೇ ಜಗಲಿಯ ಮೇಲೆ ಕೂತು ಅಕ್ಕನಿಗೆ ಏಣಿಯ ಸಂಗತಿ ಹೇಳಿದೆ. ಅವ್ವ ಹತ್ತು ಅಂದಳು, ನಾನು ಆರು ಅಂದೆ, ನೀನು ಎಷ್ಟು ಅಂತೀಯ ಎಂದೆ.

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಏಣಿ ಹಿಡ್ಕಂಡು ಕೆಳಗೆ ನಿಂತೋರಿಗೆ ಎಷ್ಟು ಹಾಕ್ತಾರೆ?’

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದಂತಿತ್ತು. ಅಂಥವರಿಗೆ ಆ ಹಾಳೆಯಲ್ಲಿ ಜಾಗ ಇಲ್ಲ ಎಂದೆ.

‘ನೀನು ಓದಿದ್ದಕ್ಕೆ ನಂಗೇನೂ ಬೇಜಾರಿಲ್ಲ’ ಎಂದಳು. ‘ಯಾವತ್ತೂ ಇರಲಿಲ್ಲ. ಆದ್ರೆ ಶಾಲಿ ಬಿಟ್ಟಿದ್ದಕ್ಕೆ ಸಂತೋಷ ಆತು ಅಂತ ಮಾತ್ರ ಬರೀಬ್ಯಾಡ. ಅವ್ವ ಹತ್ತು ಅನ್ಲಿ. ಅವಳು ಅಂಗೆ ಅನ್ನದಿದ್ರೆ ನಾವಿಬ್ರೂ ಬದುಕ್ತಿರಲಿಲ್ಲ. ನಂದು ಹತ್ತಲ್ಲ.’

ಎಷ್ಟು ಎಂದು ಮಾತ್ರ ಕೊನೆಗೂ ಹೇಳಲಿಲ್ಲ.

ಅಂದು ನನಗೆ ಎರಡು ವಿಷಯ ತಿಳಿದವು. ಅವ್ವನ ಹತ್ತು ಸುಳ್ಳೂ ಅಲ್ಲ, ಮೋಸಹೋದ ಮನಸ್ಸಿನ ಮಾತೂ ಅಲ್ಲ. ಇಬ್ಬರು ಮಕ್ಕಳನ್ನು ಸಾಕುವಾಗ ಅವಳು ಕೈಯಲ್ಲಿ ಹಿಡಿದುಕೊಂಡಿದ್ದ ಊರುಗೋಲು ಅದು. ಈಗ ಬೇಡವಾದರೂ ಬಿಡಲು ಬರುವುದಿಲ್ಲ. ಸೇನ್ ಅವರ ಎಚ್ಚರಿಕೆ ಸರ್ಕಾರಕ್ಕೆ, ಲೆಕ್ಕ ಬರೆಯುವವರಿಗೆ. ಅವ್ವನನ್ನು ತಿದ್ದಲು ಅಲ್ಲ. ಎರಡನೆಯದು ನನ್ನ ಆರರ ಬಗ್ಗೆ. ಆ ನಾಲ್ಕು ಮೆಟ್ಟಿಲು ಕಡಿಮೆ ಬಿದ್ದದ್ದು ನನಗೆ ಇನ್ನೂ ಏನೋ ಸಿಗಬೇಕಿತ್ತು ಎಂದಲ್ಲ. ಸಿಕ್ಕಿದ್ದಕ್ಕೆ ಯಾರು ಬೆಲೆ ತೆತ್ತರು ಎಂಬುದು ಗೊತ್ತಿದ್ದೂ ಐವತ್ತು ವರ್ಷ ಬಾಯಿಬಿಟ್ಟು ಹೇಳದೆ ಇದ್ದುದರಿಂದ. ಗೆಲುವನ್ನು ಒಬ್ಬೊಬ್ಬರಿಗೇ ಅಳೆಯುವ ತನಕ ಈ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಮನೆಯಲ್ಲಿ ಒಬ್ಬ ಏರಿದ ಮೆಟ್ಟಿಲುಗಳಲ್ಲಿ ಇನ್ನೊಬ್ಬಳ ಬಾಲ್ಯ ಸೇರಿರುತ್ತದೆ. ಕೃಷ್ಣಪ್ಪ ಅದನ್ನು ಒಂದು ಮನೆಯ ಮಟ್ಟಿಗಲ್ಲ, ಒಂದು ಸಮಾಜದ ಮಟ್ಟಿಗೆ ಕಂಡವರು. ನನಗೆ ಒಂದು ಮನೆಯ ಮಟ್ಟಿಗೆ ಕಾಣಲು ಅರವತ್ತೆರಡು ವರ್ಷ ಬೇಕಾಯಿತು.

ಇದನ್ನೆಲ್ಲ ಅಕ್ಕನ ಮುಂದೆ ಹೇಳಬೇಕು ಎಂದುಕೊಂಡು ಬಾಯಿ ತೆರೆದೆ. ‘ನೀನು ಇಲ್ಲದಿದ್ರೆ ನಾನು ಓದ್ತಿರಲಿಲ್ಲ ಅಕ್ಕ’ ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಅವಳು ‘ಗೊತ್ತು ಬಿಡಪ್ಪ, ಎದ್ದೇಳು, ಕತ್ತಲಾತು’ ಎಂದು ಸೀರೆ ಕೊಡವಿಕೊಂಡು ಎದ್ದಳು.

ಮನೆಗೆ ಬಂದ ಮೇಲೆ ಟ್ರಂಕಿನಿಂದ ಒಂದು ಅರ್ಜಿ ತೆಗೆದು ನನ್ನ ಮುಂದೆ ಇಟ್ಟಳು. ಮೊಮ್ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ದಾವಣಗೆರೆಯಲ್ಲಿ ಪಿಯುಸಿಗೆ ಸೇರಿದ್ದಾಳೆ, ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿಗೆ ಹಾಕಬೇಕು. ‘ಯಾರಿಗೆ ಕೇಳಾದು ಅಂತ ಇಟ್ಕಂಡು ಕೂತಿದ್ದೆ’ ಎಂದಳು. ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ನಾನಿದ್ದೆ.

ನಾನು ಓದಿ ಹೇಳುತ್ತ ಹೋದೆ, ಮೊಮ್ಮಗಳು ತುಂಬುತ್ತ ಹೋದಳು. ಆದಾಯ, ಜಾತಿ, ಅಂಕಪಟ್ಟಿ, ಬ್ಯಾಂಕಿನ ಖಾತೆ. ಕೊನೆಯಲ್ಲಿ ಪೋಷಕರ ಸಹಿ. ಮಗ ಊರಲ್ಲಿಲ್ಲ, ನೀವೇ ಮಾಡಿ ಮಾವ ಎಂದು ಸೊಸೆ ಪೆನ್ನು ನನ್ನ ಕಡೆ ಚಾಚಿದಳು. ನಾನು ಅದನ್ನು ಅಕ್ಕನ ಕೈಗೆ ಕೊಟ್ಟೆ. ‘ಪೋಷಕಿ ನೀನೇ ಅಲ್ವಾ’ ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆದಳು. ನಾಲ್ಕನೆಯ ಕ್ಲಾಸಿನ ಹುಡುಗಿಯ ಅಕ್ಷರ, ದುಂಡಗಿತ್ತು, ಗೆರೆ ಬಿಟ್ಟು ಎಲ್ಲೂ ಜಾರಿರಲಿಲ್ಲ.